ಮೃದುಭಾಷಿಯಂತೆ!

ಮೃದುಭಾಷಿಯಂತೆ! ಶಾಂತಮೂರ್ತಿಯಂತೆ! ಆಸ್ಪತ್ರೆಯ ಗೇಟಿಗೆ ಕಟ್ಟಿದ್ದ ಫ್ಲೆಕ್ಸ್ ಓದಿದಾಗ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಯಾರದೋ ಮದುವೆಯ ಗುಂಪು ಫೋಟೋದಿಂದ ಮೇಡಂ ಮುಖವನ್ನು ಕತ್ತರಿಸಿ ತೆಗೆದು, ಹಿಂದೆ ನೀಲಿ ಆಕಾಶ ಹಾಕಿ, ಎರಡು ಪಾರಿವಾಳ ಹಾರಿಸಿದ್ದರು. ಕೆಳಗೆ ಕೈಮುಗಿದು ನಿಂತ ನಮ್ಮ ಸಾಹೇಬರ ಫೋಟೋ, ಮೇಡಂ ಫೋಟೋಗಿಂತ ಒಂದು ಗೇಣು ದೊಡ್ಡದು. ಸತ್ತವರು ಯಾರು, ಇರುವವರು ಯಾರು ಎಂದು ದಾರಿಹೋಕರಿಗೆ ಅನುಮಾನ ಬರಬೇಕು, ಹಾಗಿತ್ತು. ಬದುಕಿದ್ದಿದ್ದರೆ ಮೇಡಂ ಅದನ್ನು ತಾವೇ ಹರಿದು ಹಾಕುತ್ತಿದ್ದರು. ನಾನು ಹರಿಯಲಿಲ್ಲ, ಅದೇ ಗೇಟಿನೊಳಗೆ ನನಗೆ ಕೆಲಸವಿದೆ.

ಅವರ ಹೆಸರು ಬರೆಯುವುದಿಲ್ಲ. ಫ್ಲೆಕ್ಸಿನಲ್ಲಿ ಬರೆದು ಆಸ್ಪತ್ರೆಯವರು ಮಾಡಿದ್ದೇ ಸಾಕು. ಎಲ್ಲರೂ ಮೇಡಂ ಅನ್ನುತ್ತಿದ್ದೆವು. ಮೆದುಳು, ನರದ ಡಾಕ್ಟರು. ನಾನು ದೊಡ್ಡಬಳ್ಳಾಪುರದ ಮಗ್ಗದ ಮನೆಯವನು, ಊರಿನ ಹೊರಗೆ ಹೆದ್ದಾರಿ ಪಕ್ಕ ಇರುವ ಈ ಆಸ್ಪತ್ರೆಯಲ್ಲಿ ಇ.ಇ.ಜಿ. ತೆಗೆಯುತ್ತೇನೆ. ಅಂದರೆ ರೋಗಿಯ ತಲೆಗೆ ಪೇಸ್ಟ್ ಹಚ್ಚಿ, ತಂತಿ ಅಂಟಿಸಿ, ಒಳಗೆ ಮೆದುಳು ನಡೆಸುತ್ತಿರುವ ಕೆಲಸವನ್ನು ಗೆರೆಗೆರೆಯಾಗಿ ಪರದೆಯ ಮೇಲೆ ಬರಿಸುವ ಕೆಲಸ. ತೆಗೆಯುವವನು ನಾನು, ಓದುವವರು ಅವರು. ಅದಕ್ಕೇ ನನ್ನನ್ನು ‘ತಂತಿ’ ಅಂತಲೇ ಕರೆಯುತ್ತಿದ್ದರು. "ಎಲ್ಲಯ್ಯಾ ನಮ್ಮ ತಂತಿ ದೊರೆ? ಇನ್ನೂ ತಿಂಡಿ ಆಗಲಿಲ್ವಂತಾ ಮಹಾಪ್ರಭುಗಳಿಗೆ?" ಎಂದು ಮೆಟ್ಟಿಲ ಕೆಳಗಿನಿಂದ ಕೂಗಿದರೆ ಮೂರನೇ ಮಹಡಿಯಲ್ಲಿ ನಾನು ಇಡ್ಲಿ ಬಿಟ್ಟು ಏಳಬೇಕಿತ್ತು. ಇವರು ಮೃದುಭಾಷಿ!

ಕುಳ್ಳಗಿನ ಹೆಂಗಸು. ನಮ್ಮೂರಿನದೇ ಪವರ್‌ಲೂಮ್ ಸೀರೆ, ಮೇಲೆ ಮೊಣಕೈವರೆಗೆ ಮಡಚಿದ ಬಿಳಿ ಕೋಟು, ಕಾಲಿಗೆ ಹವಾಯಿ ಚಪ್ಪಲಿ. ದೇವನಹಳ್ಳಿಯಿಂದ ಒಂದು ಹಳೇ ಕಾರನ್ನು ತಾವೇ ಓಡಿಸಿಕೊಂಡು ಬರುತ್ತಿದ್ದರು. ಅದರ ಎಡಬಾಗಿಲು ನಜ್ಜುಗುಜ್ಜಾಗಿತ್ತು. ಯಾರಾದರೂ ಕೇಳಿದರೆ "ನಂದಲ್ಲ ತಪ್ಪು, ಬಸ್ಸಿಂದು" ಅನ್ನುತ್ತಿದ್ದರು. ಬಸ್ಸು ನಿಂತಿತ್ತು ಅಂತ ನಮಗೆಲ್ಲ ಗೊತ್ತಿತ್ತು. ಬೈಯುವುದರಲ್ಲಿ ಅವರಿಗೆ ಮೇಲು ಕೀಳು ಇರಲಿಲ್ಲ. ಸೆಕ್ಯೂರಿಟಿಯವನಿಗೂ ಒಂದೇ, ಸಾಹೇಬರಿಗೂ ಒಂದೇ. ಆದರೆ ಬೈದ ಮಧ್ಯಾಹ್ನವೇ ಹಿತ್ತಿಲಿನ ಚಕ್ಕೋತ ಬಿಡಿಸಿ, ತೊಳೆ ತೊಳೆಗೂ ಉಪ್ಪುಖಾರ ಸವರಿ, "ತಿನ್ನು, ಮುಖ ಊದಿಸ್ಕೊಂಡು ಕೂತಿದೀಯ, ಬಾತುಕೋಳಿ ಥರ" ಎಂದು ಮುಂದಿಡುತ್ತಿದ್ದರು. ಕ್ಷಮಿಸು ಎಂಬ ಮಾತು ಅವರ ಬಾಯಲ್ಲಿ ನಾನು ಕೇಳಲೇ ಇಲ್ಲ. ಚಕ್ಕೋತ ಬಂದರೆ ಅದೇ ಅಂತ ನಾವು ತಿಳಿದುಕೊಳ್ಳಬೇಕಿತ್ತು.

ಅವರ ಮುಂದೆ ಆಡಬಾರದ ಮಾತು ಒಂದಿತ್ತು. ‘ಮನೆಗೆ ಕರ್ಕೊಂಡ್ಹೋಗಿ.’

ಹೊರಗಿನವರಿಗೆ ಇದರಲ್ಲಿ ತಪ್ಪೇನಿದೆ ಅನ್ನಿಸಬಹುದು. ಆಸ್ಪತ್ರೆಯ ಭಾಷೆಯಲ್ಲಿ ಅದಕ್ಕೆ ಬೇರೆಯೇ ಅರ್ಥ. ಹೃದಯ ನಿಂತುಹೋಗಿ, ಎದೆ ಒತ್ತಿ, ಕರೆಂಟು ಕೊಟ್ಟು, ಮತ್ತೆ ಹೊಡೆದುಕೊಳ್ಳುವ ಹಾಗೆ ಮಾಡಿ ಕರೆತಂದ ರೋಗಿಗಳು ಇರುತ್ತಾರಲ್ಲ, ಹೃದಯ ಓಡುತ್ತಿದ್ದರೂ ಅವರಿಗೆ ಎಚ್ಚರ ಬಂದಿರುವುದಿಲ್ಲ. ಉಸಿರಿಗೆ ವೆಂಟಿಲೇಟರ್ ಇರುತ್ತದೆ. ರಕ್ತ ಸಿಗದೆ ಇದ್ದ ಹೊತ್ತಿನಲ್ಲಿ ಮೆದುಳು ಎಷ್ಟು ಹಾಳಾಗಿದೆ ಎಂಬುದು ಯಾರಿಗೂ ತಕ್ಷಣ ಹೇಳಲು ಬರುವುದಿಲ್ಲ. ಆಗ ಒಬ್ಬ ಡಾಕ್ಟರು ಹೊರಗೆ ಬಂದು, ಮುಖ ಸಪ್ಪಗೆ ಮಾಡಿಕೊಂಡು, "ಇನ್ನೇನಿಲ್ಲ, ಮನೆಗೆ ಕರ್ಕೊಂಡ್ಹೋಗಿ" ಅನ್ನುತ್ತಾನೆ. ಮನೆಯವರು ಅತ್ತುಕೊಂಡು ಸಹಿ ಹಾಕುತ್ತಾರೆ. ಕೊಳವೆ ತೆಗೆಯುತ್ತಾರೆ. ಆಂಬುಲೆನ್ಸ್ ಮನೆ ಮುಟ್ಟುವಷ್ಟರಲ್ಲಿ ಮುಗಿದಿರುತ್ತದೆ. ಕೊಂದವರು ಯಾರೂ ಇಲ್ಲ, ಸತ್ತವರು ಮಾತ್ರ ಇದ್ದಾರೆ.

"ಆ ಮಾತು ಆಡೋದಕ್ಕೆ ಮುಂಚೆ ನೋಡಿದೀಯಾ? ಎಷ್ಟು ದಿನ ನೋಡಿದೀಯಾ? ನಿದ್ದೆ ಔಷಧಿ ನಿಲ್ಲಿಸಿ ನೋಡಿದೀಯಾ?" ಎಂದು ಮೇಡಂ ಹೊಸ ಡ್ಯೂಟಿ ಡಾಕ್ಟರುಗಳನ್ನು ನಿಲ್ಲಿಸಿಕೊಂಡು ಉಗಿಯುತ್ತಿದ್ದರು. "ಗೊತ್ತಿಲ್ಲ ಅನ್ನೋದಕ್ಕೆ ಎದೆ ಬೇಕು ಕಣಯ್ಯಾ. ‘ಇನ್ನೂ ಗೊತ್ತಿಲ್ಲಮ್ಮಾ, ಕಾಯೋಣ’ ಅಂತ ಹೇಳು ನೋಡೋಣ, ಬಾಯಿ ಬರಲ್ಲ! ಡಾಕ್ಟರು ಅಂದ್ಮೇಲೆ ಗೊತ್ತಿರಲೇಬೇಕು ಅಲ್ವಾ ನಿಮಗೆ? ಜಾತಕ ನೋಡೋನು ನಿಮಗಿಂತ ವಾಸಿ, ಗ್ರಹ ಬದಲಾಗೋವರೆಗೂ ತಡಿ ಅಂತಾನೆ."

ಇದನ್ನು ಕೇಳಿ ಅವರು ಎಲ್ಲರನ್ನೂ ಬದುಕಿಸಿಬಿಡುತ್ತಿದ್ದರು ಅಂದುಕೊಳ್ಳಬೇಡಿ. ಶಿವಗಂಗೆ ಬೆಟ್ಟ ಹತ್ತುವಾಗ ಕುಸಿದುಬಿದ್ದ ಒಬ್ಬ ಹಿರಿಯರನ್ನು ತಂದಿದ್ದರು. ನೆಲಮಂಗಲದ ಕಡೆಯವರು, ಒಳ್ಳೆಯ ಕುಳ, ಮನೆ ತುಂಬ ಜನ. ಎರಡನೆಯ ದಿನ ಅವರ ಕೈಕಾಲು, ರೆಪ್ಪೆ, ತುಟಿ ಎಲ್ಲ ಫಟ್ ಫಟ್ ಅಂತ ಅದುರತೊಡಗಿತು. ಸೊಸೆ ಓಡಿಬಂದು "ಮಾವ ಅಲ್ಲಾಡ್ತಾವ್ರೆ! ಜೀವ ಬಂತು!" ಎಂದು ಕುಣಿದುಬಿಟ್ಟಳು. ಗಂಗಾಧರೇಶ್ವರನಿಗೆ ಹರಕೆ ಹೊತ್ತಾಯಿತು, ಊರಿಗೆಲ್ಲ ಫೋನು ಹೋಯಿತು. ನಮ್ಮ ಸ್ಟಾಫು ನಗುನಗುತ್ತ "ಒಳ್ಳೇದಾಗತ್ತೆ ಬಿಡಿ" ಅಂದರು. ನಾನು ತಂತಿ ಹಾಕಿ ನೋಡಿದೆ. ಅದುರಾಟದ ಜೊತೆಜೊತೆಗೇ ಮೆದುಳಿನಲ್ಲಿ ಒಂದೇ ತಾಳದ ಸಿಡಿತ, ನಡುವೆ ಗೆರೆ ಬರೀ ಚಪ್ಪಟೆ. ಔಷಧಿ ಬದಲಿಸಿ ಬದಲಿಸಿ ಕೊಟ್ಟು, ದಿನಾ ನೋಡುತ್ತ ಬಂದರು ಮೇಡಂ. ಏನೂ ತಿರುಗಲಿಲ್ಲ.

ಕೊನೆಗೆ ಮನೆಯವರನ್ನೆಲ್ಲ ಕೂರಿಸಿಕೊಂಡು ನೇರವಾಗಿ ಹೇಳಿದರು. "ಅಲ್ಲಾಡೋದು ಜೀವ ಅಲ್ಲಮ್ಮಾ. ಅದು ಮೆದುಳಿಗೆ ಆಗಿರೋ ಗಾಯ. ನಾನು ಕಾದೆ, ನೋಡಿದೆ, ಇವತ್ತು ಗೊತ್ತಾಗಿದೆ. ನಿಮಗೆ ಸುಳ್ಳು ಹೇಳಿ ಇನ್ನೊಂದು ವಾರ ಇಟ್ಕೊಳ್ಳಲ್ಲ." ಸೊಸೆ ಗೋಡೆಗೆ ತಲೆ ಚಚ್ಚಿಕೊಂಡು ಅತ್ತಳು. ಮೇಡಂ ಅವಳ ತಲೆಗೂ ಗೋಡೆಗೂ ನಡುವೆ ತಮ್ಮ ಕೈ ಇಟ್ಟುಕೊಂಡು ನಿಂತರು. ಆಮೇಲೆ ನರ್ಸ್‌ಗಳ ಕೋಣೆಗೆ ಬಂದು "ಯಾವಳೇ ಅದು ಒಳ್ಳೇದಾಗತ್ತೆ ಅಂದಿದ್ದು?" ಎಂದು ಶುರುಮಾಡಿದವರು, ಚಹಾ ಬಂದರೂ ನಿಲ್ಲಿಸಲಿಲ್ಲ. ಆವತ್ತು ಚಕ್ಕೋತವೂ ಇರಲಿಲ್ಲ.

ಬುಡ್ಡಣ್ಣನ ಕಥೆ ಬೇರೆ. ಆಧಾರ್ ಕಾರ್ಡಿನಲ್ಲಿ ಲಕ್ಷ್ಮೀನಾರಾಯಣಪ್ಪ, ಊರಿಗೆ ಬುಡ್ಡಣ್ಣ. ನಮ್ಮೂರಿನ ನೇಕಾರ. ಮಗ್ಗದ ಶೆಡ್ಡಿನಲ್ಲೇ ಎದೆ ಹಿಡಿದುಕೊಂಡು ಬಿದ್ದ. ಪಕ್ಕದ ಮಗ್ಗದವನು ಯಾವುದೋ ವಿಡಿಯೋ ನೋಡಿ ಕಲಿತಿದ್ದನಂತೆ, ಆಂಬುಲೆನ್ಸ್ ಬರುವವರೆಗೂ ಬಿಡದೆ ಎದೆ ಒತ್ತಿದ. ಹೃದಯ ಮತ್ತೆ ಶುರುವಾಯಿತು. ನಮ್ಮಲ್ಲಿಗೆ ತಂದು ವೆಂಟಿಲೇಟರ್ ಹಾಕಿ, ಹೊರಳಾಡಬಾರದೆಂದು ಗಾಢ ನಿದ್ದೆಯ ಔಷಧಿ ಹನಿಸುತ್ತಿದ್ದರು. ಮಾರನೆಯ ದಿನವೇ ಸಾಹೇಬರು ನನಗೆ ಫೋನು ಮಾಡಿ "ಒಂದು ಇ.ಇ.ಜಿ. ತೆಗೆದುಬಿಡು" ಅಂದರು. ಸಾಹೇಬರು ಅಂದರೆ ಆಸ್ಪತ್ರೆಯ ಮುಖ್ಯ ಡಾಕ್ಟರು, ಅದೇ ಫ್ಲೆಕ್ಸಿನವರು. ತೆಗೆದೆ. ಗೆರೆಗಳು ಬಹುಪಾಲು ನೆಲ ಕಚ್ಚಿದ್ದವು. ಸಾಹೇಬರು ಪರದೆಯನ್ನು ಒಮ್ಮೆ ನೋಡಿ, ಹೊರಗೆ ಹೋಗಿ, ಬುಡ್ಡಣ್ಣನ ಹೆಂಡತಿಗೆ ಆ ಮಾತು ಹೇಳಿಯೇಬಿಟ್ಟರು. ಆ ಮಂಚಕ್ಕೆ ಇನ್ನೊಬ್ಬ ರೋಗಿ ಕಾಯುತ್ತಿದ್ದರು.

ಮೇಡಂ ಬಂದಾಗ ಕೊಳವೆ ತೆಗೆಯುವ ಸಿದ್ಧತೆ ನಡೆದಿತ್ತು. ಕೂಗಾಟಕ್ಕೆ ಕೆಳಗಿನ ಔಷಧಿ ಅಂಗಡಿಯವರೂ ಹತ್ತಿಬಂದು ಇಣುಕಿದರು.

"ಏನ್ರೀ ಇದು? ಸ್ವಿಚ್ ಆಫ್ ಮಾಡಿಟ್ಟು ಮಗ್ಗ ಕೆಟ್ಟೋಗಿದೆ ಅಂತೀರಲ್ರೀ! ನಿದ್ದೆ ಔಷಧಿ ಹೋಗ್ತಾ ಇದೆ ಮೈಯಲ್ಲಿ, ಗೆರೆ ಇನ್ನೆಂಗಿರತ್ತೆ? ಕುಣಿಯತ್ತಾ?"

"ಮೇಡಂ, ಸ್ವಲ್ಪ ಮೆತ್ತಗೆ. ಪೇಶೆಂಟ್ ಕಡೆಯವರಿದಾರೆ."

"ಇರಲಿ! ಕೇಳಿಸ್ಕೊಳ್ಳಲಿ! ಅವರ ಗಂಡನ್ನ ತಾನೆ ನೀವು ಪಾರ್ಸಲ್ ಮಾಡ್ತಿರೋದು?"

ಔಷಧಿ ನಿಲ್ಲಿಸಿದರು. ಮೂರು ದಿನವಾದರೂ ಆಗಬೇಕು, ಔಷಧಿ ಮೈಯಿಂದ ಪೂರ್ತಿ ಇಳಿಯಬೇಕು, ಆಮೇಲೆ ಮಾತು ಅಂದರು. ಸಾಹೇಬರು ಮುಖ ಗಂಟು ಹಾಕಿಕೊಂಡು ಹೋದರು. ಆ ದಿನಗಳೆಲ್ಲ ನಾನು ಬೆಳಗ್ಗೆ ಬಂದು ಮೊದಲು ಬುಡ್ಡಣ್ಣನ ತಲೆಗೆ ತಂತಿ ಹಾಕುತ್ತಿದ್ದೆ. ನಿಧಾನಕ್ಕೆ ಗೆರೆ ನೆಲ ಬಿಟ್ಟು ಏಳತೊಡಗಿತು. ಮಂದವಾದ ಅಲೆಗಳು, ಆದರೂ ಅಲೆಗಳು.

ಈಗ ನೋಡಬೇಕಾದದ್ದು, ಹೊರಗಿನಿಂದ ಏನಾದರೂ ಮಾಡಿದರೆ ಆ ಅಲೆ ಬದಲಾಗುತ್ತದೆಯೇ ಎಂದು. ಬದಲಾದರೆ ಒಳಗೆ ಯಾರೋ ಇದ್ದಾರೆ ಅನ್ನಬಹುದು. ನಾನು ಕಿವಿಯ ಹತ್ತಿರ ಬಗ್ಗಿ "ಲಕ್ಷ್ಮೀನಾರಾಯಣಪ್ಪಾ!" ಎಂದು ಕೂಗಿದೆ. ಅಲೆ ಹಾಗೇ ಇತ್ತು. "ಬುಡ್ಡಣ್ಣಾ!" ಎಂದೆ. ಹಾಗೇ. ಮೇಡಂ ಚಪ್ಪಾಳೆ ತಟ್ಟಿದರು, ಸ್ಟೀಲ್ ತಟ್ಟೆ ಬಡಿದರು. ಊಹೂಂ. ಬೆರಳಿನ ಉಗುರು ಒತ್ತಿದಾಗ ಏನೋ ಕದಲಿದ ಹಾಗಾಯಿತು, ಅಷ್ಟರಲ್ಲಿ ಅವನಿಗೆ ಕೆಮ್ಮು ಬಂದು ಪರದೆಯೆಲ್ಲ ಕಲಸಿಹೋಯಿತು. ಎರಡು ಮೂರು ಸಲ ಹೀಗೇ.

ಸಾಹೇಬರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಈಗಲಾದ್ರೂ ಗೊತ್ತಾಯ್ತಲ್ಲ ಮೇಡಂ?"

"ಗೊತ್ತಿಲ್ಲ" ಅಂದರು ಮೇಡಂ. ಆದರೆ ಆ ಸಲ ದನಿಯಲ್ಲಿ ಕಸುವು ಇರಲಿಲ್ಲ. ಕುರ್ಚಿಯಲ್ಲಿ ಕೂತು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಬುಡ್ಡಣ್ಣ ಹೋದ ಅಂತ ನಾನೂ ಅಂದುಕೊಂಡೆ.

ಆಗಲೇ ಹೊರಗೆ ಗಲಾಟೆ ಎದ್ದಿತು. ಒಬ್ಬ ಹೆಂಗಸು ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದಳು. ಸೆಕ್ಯೂರಿಟಿಯವನು "ಏಯ್, ಮೆತ್ತಗಮ್ಮಾ, ಆಸ್ಪತ್ರೆ ಇದು" ಎಂದು ಗದರುತ್ತಿದ್ದ. ಮೇಡಂಗೆ ಸಿಟ್ಟು ತೀರಿಸಿಕೊಳ್ಳಲು ಒಂದು ತಲೆ ಬೇಕಿತ್ತು. ಬಾಗಿಲು ದಬ್ಬಿಕೊಂಡು ಹೋದರು. "ಯಾರಮ್ಮಾ ಅದು? ಸಂತೆ ಅಂದ್ಕೊಂಡಿದೀಯಾ ಇದನ್ನ?"

ಬುಡ್ಡಣ್ಣನ ಹೆಂಡತಿ. ಕಣ್ಣಲ್ಲಿ ನೀರು ತುಂಬಿಕೊಂಡು, ಅಷ್ಟೇ ಗಟ್ಟಿ ದನಿಯಲ್ಲಿ, "ಜಗಳ ಆಡ್ತಿಲ್ಲ ಕಣ್ ಮೇಡಮ್ಮಾ! ಟೀ ಅಂಗಡಿ ಎಲ್ಲೈತೆ ಅಂತ ಕೇಳ್ದೆ ಅಷ್ಟೇಯ!" ಅಂದಳು.

ಮೇಡಂ ಏನೋ ಬೈಯಲು ಬಾಯಿ ತೆರೆದವರು ಹಾಗೇ ನಿಂತುಬಿಟ್ಟರು. ಅವಳನ್ನೇ ನೋಡಿದರು. ಆಮೇಲೆ ಕೇಳಿದರು, "ಮನೇಲೂ ಹಿಂಗೇ ಮಾತಾಡ್ತೀಯಾ?"

"ಇನ್ನೆಂಗೆ ಆಡಾನ? ಹುಟ್ಟಿದಾಗ್ಲಿಂದ ಮಗ್ಗದ ಸದ್ದಲ್ಲೇ ಇರೋರು. ಮೆತ್ತಗಾಡುದ್ರೆ ಯಾರ್ಗೆ ಕೇಳ್ಸತ್ತೆ? ನಮ್ ಯಜಮಾನ್ರಿಗಂತೂ ಈ ಸದ್ದೂ ಕೇಳ್ಸಲ್ಲ. ಕಿವಿ ಹೋಗಿ ವರ್ಸಗಳೇ ಆಯ್ತು."

ಮೇಡಂ ನಿಧಾನವಾಗಿ ನನ್ನ ಕಡೆ ತಿರುಗಿದರು. ಆ ನೋಟ ನನಗೆ ಇವತ್ತಿಗೂ ನೆನಪಿದೆ. "ಲೇ ತಂತಿ. ನೀನು ಯಾವೂರಿನೋನೋ?"

ನನ್ನ ತಾಯಿಯೂ ಹಾಗೇ ಕೂಗಿ ಮಾತಾಡುವವಳು. ನಮ್ಮ ಬೀದಿಯವರೆಲ್ಲ ಹಾಗೇ. ನಮ್ಮ ಚಿಕ್ಕಪ್ಪ ಫೋನಿನಲ್ಲಿ ಮಾತಾಡಿದರೆ ಆಚೆ ಬೀದಿಗೆ ಸುದ್ದಿ ಹೋಗುತ್ತದೆ. ಅದರಲ್ಲೇ ಬೆಳೆದವನಿಗೆ ಅದು ಕಿವುಡು ಅಂತಲೇ ಹೊಳೆಯುವುದಿಲ್ಲ, ಮಾತಾಡುವ ರೀತಿಯೇ ಅದು ಅನ್ನಿಸಿರುತ್ತದೆ. ದೊಡ್ಡಬಳ್ಳಾಪುರದ ನೇಕಾರನ ಕಿವಿಗೆ ಬಾಯಿಟ್ಟು ಕೂಗಿ, ಕೇಳಲಿಲ್ಲ ಅಂತ ಅವನ ಸಾವನ್ನು ಬರೆಯಲು ಹೊರಟಿದ್ದೆವು ನಾವು!

"ನಾನು ಮುಠ್ಠಾಳಿ" ಅಂದರು ಮೇಡಂ. "ನೀನು ನನಗಿಂತ ದೊಡ್ಡ ಮುಠ್ಠಾಳ. ನಡಿ ಒಳಗೆ." ಆಮೇಲೆ ಆ ಹೆಂಗಸಿನ ರಟ್ಟೆ ಹಿಡಿದು ಎಳೆದುಕೊಂಡೇ ಬಂದರು. "ಮಗ್ಗ ಓಡ್ತಾ ಇರುವಾಗ ಅವರನ್ನ ಹೆಂಗೆ ಕರೀತೀಯಮ್ಮಾ?"

"ಕರೆಯಲ್ಲ ಮೇಡಮ್ಮಾ. ಹಿಂದಿಂದ ಬಂದು ಹೆಗಲು ತಟ್ತೀನಿ. ಎರಡ್ ಸಲ ತಟ್ಟುದ್ರೆ ಎಳೆ ಕಿತ್ತೋಗೈತೆ ಅಂತ. ಮಗ್ಗ ನಿಲ್ಸಿ ತಿರುಗ್ತಾರೆ."

"ತಟ್ಟು. ತಡಿ, ತಡಿ! ಮೊದಲು ಮಂಚ ತಟ್ಟು."

ಅವಳು ಮಂಚ ತಟ್ಟಿದಳು. ತಟ್ಟಿದಷ್ಟು ಹೊತ್ತು ಪರದೆಯಲ್ಲಿ ಒಂದು ಗೀರು ಎದ್ದು ಹೋಯಿತು, ಅಲೆ ಅಲೆಯಾಗಿಯೇ ಉಳಿಯಿತು. ಅದು ಬರೀ ಅಲುಗಾಟ. "ಈಗ ಹೆಗಲು" ಅಂದರು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಮಗ್ಗದ ಹಿಂದೆ ನಿಂತ ಹಾಗೆಯೇ ನಿಂತು, ಗಂಡನ ಹೆಗಲನ್ನು ಎರಡು ಸಲ ತಟ್ಟಿದಳು. ಗೀರು ಎದ್ದಿತು, ಹೋಯಿತು. ಆಮೇಲೆ ಮಂದವಾಗಿ ಹೊರಳುತ್ತಿದ್ದ ಅಲೆಗಳು ತಗ್ಗಿ, ಚುರುಕಾಗಿ, ಸಣ್ಣಸಣ್ಣದಾಗಿ ಓಡತೊಡಗಿದವು. ಕೆಲವು ಉಸಿರಿನಷ್ಟು ಹೊತ್ತು ಓಡಿ ಮತ್ತೆ ಮಂದವಾದವು. ಇನ್ನೊಮ್ಮೆ ತಟ್ಟಿಸಿದರು. ಇನ್ನೊಮ್ಮೆ ಓಡಿತು. ಮತ್ತೆ ಮಂಚ, ಮತ್ತೆ ಹೆಗಲು. ಮಗ್ಗ ನಿಲ್ಲಿಸಿ ತಿರುಗಲು ಆಗುತ್ತಿಲ್ಲ ಅವನಿಗೆ, ಆದರೆ ತಟ್ಟಿದ್ದು ಗೊತ್ತಾಗುತ್ತಿದೆ.

"ಬದುಕ್ತಾರಾ ಮೇಡಮ್ಮಾ?" ಎಂದು ಅವಳು ಕೂಗಿ ಕೇಳಿದಳು.

"ಗೊತ್ತಿಲ್ಲಮ್ಮಾ!" ಎಂದು ಮೇಡಂ ಅವಳಷ್ಟೇ ಜೋರಾಗಿ ಕೂಗಿದರು. "ಆದ್ರೆ ಇವರನ್ನ ಯಾವ ನನ್ಮಗ ಮನೆಗೆ ಕರ್ಕೊಂಡೋಗು ಅಂತಾನೋ ನೋಡ್ತೀನಿ!" ಸಾಹೇಬರು ಆಗ ಬಾಗಿಲಲ್ಲೇ ಇದ್ದರು.

ಮುಂದಿನ ವಾರ ಬುಡ್ಡಣ್ಣ ಕಣ್ಣು ಬಿಟ್ಟ. ಮೊದಲಿನ ಹಾಗೆ ಆದ ಅಂತ ಸುಳ್ಳು ಹೇಳುವುದಿಲ್ಲ. ಹೆಸರುಗಳು ಮರೆಯುತ್ತವೆ, ಎಳೆ ಗಂಟು ಹಾಕಲು ಬೆರಳು ತಡವರಿಸುತ್ತವೆ, ಹೇಳಿದ್ದನ್ನೇ ಹೇಳುತ್ತಾನೆ. ಆದರೆ ತಾನೇ ನಡೆದುಕೊಂಡು ಟೀ ಅಂಗಡಿಗೆ ಹೋಗುತ್ತಾನೆ, ಹೆಂಡತಿಯ ಜೊತೆ ಬೀದಿಗೆಲ್ಲ ಕೇಳುವ ಹಾಗೆ ಜಗಳ ಆಡುತ್ತಾನೆ. ನನ್ನ ಹೆಸರು ನೆನಪಿಲ್ಲ, ಕಂಡರೆ ಹಿಂದಿನಿಂದ ಬಂದು ಹೆಗಲು ತಟ್ಟುತ್ತಾನೆ.

ಆ ‘ನನ್ಮಗ’ ಅನ್ನುವ ಒಂದು ಮಾತು ಸಾಹೇಬರಿಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಬೇಸಿಗೆ ಕಳೆಯುವಷ್ಟರಲ್ಲಿ, ಆಸ್ಪತ್ರೆಯ ವಾತಾವರಣಕ್ಕೆ ನಿಮ್ಮ ಮಾತಿನ ಶೈಲಿ ಹೊಂದುವುದಿಲ್ಲ, ನಾಳೆಯಿಂದ ಬರುವುದು ಬೇಡ ಅಂತ ಹೇಳಿಸಿದರು. ಹೇಳಿಸಿದರು, ತಾವು ಹೇಳಲಿಲ್ಲ. ಮೇಡಂ ತಮ್ಮ ಸ್ಟೀಲ್ ಡಬ್ಬಿ, ಉಪ್ಪುಖಾರದ ಬಾಟಲಿ ತೆಗೆದುಕೊಂಡು ಹೊರಟರು. ಗೇಟಿನ ಹತ್ತಿರ ಕಾರು ನಿಲ್ಲಿಸಿ, ನನ್ನನ್ನು ಕರೆದು, "ಬೆಪ್ಪಾಗಿ ನೋಡ್ಕೊಂಡು ನಿಂತಿದೀಯಲ್ಲ, ಹೋಗಿ ಕೆಲಸ ನೋಡು. ಔಷಧಿ ಇಳಿಯೋಕೆ ಮುಂಚೆ ಯಾವನಾದ್ರೂ ಇ.ಇ.ಜಿ. ತೆಗಿ ಅಂದ್ರೆ ಮೆಷಿನ್ ಕೆಟ್ಟಿದೆ ಅನ್ನು" ಅಂದರು. ಆಮೇಲೆ ಹಲವು ಸಲ ಮೆಷಿನ್ ಕೆಟ್ಟಿದೆ. ಸಾಹೇಬರು ಇದನ್ನು ಓದಿದರೆ ಓದಲಿ.

ಅವರು ದೇವನಹಳ್ಳಿಯ ಮನೆಯ ಮುಂದಿನ ಕೋಣೆಯಲ್ಲೇ ರೋಗಿಗಳನ್ನು ನೋಡುತ್ತಿದ್ದರು. ನಾನು ಆ ಕಡೆ ಹೋದಾಗೆಲ್ಲ ಹೋಗಿ ಬೈಸಿಕೊಂಡು ಬರುತ್ತಿದ್ದೆ. ಮದುವೆ ಆಗಿರಲಿಲ್ಲ, ತಮ್ಮನ ಸಂಸಾರದ ಜೊತೆ ಇದ್ದರು. ಹೋದ ತಿಂಗಳು ಹೊಸಕೋಟೆಯಲ್ಲಿ ನೆಂಟರ ಮನೆಯ ಗೃಹಪ್ರವೇಶದಲ್ಲಿ ಊಟಕ್ಕೆ ಕೂತವರು ಹಾಗೇ ಪಕ್ಕಕ್ಕೆ ವಾಲಿದರಂತೆ. ಹೃದಯ ನಿಂತಿತ್ತು. ಅಲ್ಲಿದ್ದವರು ಯಾರೋ ಎದೆ ಒತ್ತಿದರು. ಒಂದು ದೊಡ್ಡ ಆಸ್ಪತ್ರೆಗೆ ಒಯ್ದರು. ಹೃದಯ ಮತ್ತೆ ಶುರುವಾಯಿತು. ವೆಂಟಿಲೇಟರ್. ನಿದ್ದೆಯ ಔಷಧಿ. ಅವರು ಜೀವಮಾನವೆಲ್ಲ ಎಂಥ ಮಂಚದ ಪಕ್ಕ ನಿಂತು ಕೂಗಾಡಿದ್ದರೋ, ಅಂಥದೇ ಮಂಚದಲ್ಲಿ ಅವರೇ ಮಲಗಿದ್ದರು.

ಕೂಗಾಡಲು ಯಾರೂ ಇರಲಿಲ್ಲ.

ಅವರ ತಮ್ಮ ಪಾಪದ ಮನುಷ್ಯ, ಗೊಬ್ಬರದ ಅಂಗಡಿ ಇಟ್ಟುಕೊಂಡವನು. ನನಗೆ ವಿಷಯ ತಿಳಿದಾಗ ಮಣ್ಣು ಮಾಡಿ ಆಗಿತ್ತು. ಅವರ ಮನೆಯ ಜಗುಲಿಯಲ್ಲಿ ಕೂತು ಕೇಳಿದೆ. "ಎರಡನೇ ದಿನ ನಿಮ್ಮ ಆಸ್ಪತ್ರೆ ಸಾಹೇಬ್ರು ನೋಡೋಕೆ ಬಂದಿದ್ರಪ್ಪಾ" ಅಂದ. "ಅಕ್ಕನ ಜೊತೆ ಕೆಲಸ ಮಾಡಿದೋರು, ತಿಳಿದೋರು ಅಂತ ಅವರನ್ನೇ ಕೇಳ್ದೆ, ಏನ್ಮಾಡಣ ಸಾರ್ ಅಂತ. ಮಂಚದ ಹತ್ರ ನಿಂತು ನೋಡಿದ್ರು. ಕಣ್ಣಿಗೆ ಟಾರ್ಚ್ ಬಿಟ್ರು. ಇನ್ನೇನಿಲ್ಲ, ತಲೆ ಹೋಗಿದೆ, ಅವರೂ ಡಾಕ್ಟರು, ಹಿಂಗೆ ಬಿದ್ದಿರೋದು ಅವರಿಗೂ ಇಷ್ಟ ಆಗ್ತಿರಲಿಲ್ಲ, ಮನೆಗೆ ಕರ್ಕೊಂಡ್ಹೋಗಿ ಅಂದ್ರು. ಅಷ್ಟು ದೊಡ್ಡ ಡಾಕ್ಟ್ರು ಹೇಳಿದ್ಮೇಲೆ ನಾವೇನು ಹೇಳೋದು?"

"ಅಲ್ಲಿಯ ಡಾಕ್ಟರು?"

"ನಿಮ್ಮ ಇಷ್ಟ ಅಂದ್ರು."

"ತಲೆಗೆ ತಂತಿ ಹಾಕಿ ನೋಡಿದ್ರಾ ಅಣ್ಣಾ?"

"ಏನು ತಂತಿ?" ಅಂದ ಅವನು.

ನಾನು ಅಲ್ಲಿಂದ ಎದ್ದು ಹಿತ್ತಿಲಿಗೆ ಹೋಗಿ ಚಕ್ಕೋತ ಮರದ ಬುಡದಲ್ಲಿ ನಿಂತು ಅತ್ತೆ. ಸುಳ್ಳು ಯಾಕೆ ಹೇಳಲಿ, ದುಃಖಕ್ಕಲ್ಲ, ಸಿಟ್ಟಿಗೆ ಅತ್ತೆ. ಮೇಡಂ ಬದುಕುತ್ತಿದ್ದರಾ? ಗೊತ್ತಿಲ್ಲ. ನಾನು ಅವರ ಶಿಷ್ಯ, ಗೊತ್ತಿಲ್ಲ ಅಂತಲೇ ಹೇಳುತ್ತೇನೆ. ಶಿವಗಂಗೆಯ ಹಿರಿಯರ ಹಾಗೆ ಆಗಿರಬಹುದು, ಬುಡ್ಡಣ್ಣನ ಹಾಗೆ ಆಗಿರಬಹುದು. ನೋಡಿದ್ದರೆ ತಾನೆ ಗೊತ್ತಾಗುವುದು? ನೋಡಲಿಲ್ಲ. ಕಾಯಲಿಲ್ಲ. ತಂತಿ ಹಾಕುವವನಿಗೆ ಒಂದು ಫೋನು ಮಾಡಲಿಲ್ಲ. ಕರೆದಿದ್ದರೆ ಮೆಷಿನ್ನನ್ನು ಬೈಕಿನ ಹಿಂದೆ ಕಟ್ಟಿಕೊಂಡು ಹೋಗುತ್ತಿದ್ದೆ, ಬಾಗಿಲು ತೆಗೆಯದಿದ್ದರೆ ಅಲ್ಲೇ ಕೂತು ಗಲಾಟೆ ಮಾಡುತ್ತಿದ್ದೆ, ಅವರಿಂದಲೇ ಕಲಿತ ಗಲಾಟೆ. ಅವರನ್ನು ಮನೆಗೆ ಕಳಿಸಿದ ಬಾಯಿಯೇ ಈಗ ಮೃದುಭಾಷಿ ಅನ್ನುತ್ತಿದೆ.

ಶ್ರದ್ಧಾಂಜಲಿ ಸಭೆ ಆಸ್ಪತ್ರೆಯ ಮೇಲಿನ ಹಾಲ್‌ನಲ್ಲಿ ಇತ್ತು. ನಾನು ಕೊನೆಯ ಸಾಲಿನಲ್ಲಿ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಬುಡ್ಡಣ್ಣ ಹೆಂಡತಿಯ ಜೊತೆ ಬಂದಿದ್ದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಯಾರು ಸತ್ತದ್ದು ಅಂತ ಅವನಿಗೆ ನೆನಪಿದೆಯೋ ಇಲ್ಲವೋ ಅಂದುಕೊಂಡಿದ್ದೆ. ಫೋಟೋ ಮುಂದೆ ನಿಂತು ಬಹಳ ಹೊತ್ತು ಕೈಮುಗಿದು, ಬಂದು ನನ್ನ ಪಕ್ಕ ಕೂತ.

ಸಾಹೇಬರು ಮೈಕಿಗೆ ಬಂದರು. ತಾಯಿ ಹೃದಯ ಅಂದರು. ತುಂಬಲಾರದ ನಷ್ಟ ಅಂದರು. ಗದ್ಗದಿತರಾದರು. "ಅವರನ್ನು ಉಳಿಸಿಕೊಳ್ಳಲು ನಮ್ಮ ಕೈಲಾದ ಎಲ್ಲ ಪ್ರಯತ್ನವನ್ನೂ ಮಾಡಿದೆವು" ಅಂದರು.

ಬುಡ್ಡಣ್ಣ ನನ್ನ ಹೆಗಲು ತಟ್ಟಿದ. ಏನಂತೆ ಎಂದು ಗಲ್ಲ ಎತ್ತಿ ಕೇಳಿದ. ಮಗ್ಗದ ಮನೆಯವರಿಗೆ ದನಿ ಬೇಕಿಲ್ಲ, ತುಟಿ ಸಾಕು. ಉಳಿಸೋಕೆ ಎಲ್ಲ ಮಾಡಿದ್ರಂತೆ ಎಂದು ದನಿಯಿಲ್ಲದೆ ತುಟಿ ಆಡಿಸಿದೆ.

ಅವನು ಹಣೆಯ ಮೇಲೆ, ನಾನು ತಂತಿ ಅಂಟಿಸುತ್ತಿದ್ದ ಜಾಗದಲ್ಲಿ ಬೆರಳಾಡಿಸಿಕೊಂಡ. ಆಮೇಲೆ ತನಗೆ ಗೊತ್ತಿರುವ ಒಂದೇ ದನಿಯಲ್ಲಿ, ಓಡುವ ಮಗ್ಗಗಳ ಆಚೆ ನಿಂತವರನ್ನು ಕರೆಯುವ ದನಿಯಲ್ಲಿ, ಕೇಳಿದ.

"ಮೇಡಮ್ಮಂಗೆ ತಲೆಗೆ ವೈರ್ ಹಾಕಿದ್ರಾ?"

ಸಭೆಗೆ ಸಭೆಯೇ ತಿರುಗಿ ನೋಡಿತು. ಮುಂದಿನ ಸಾಲಿನಿಂದ ಮೇಡಂ ಅವರ ತಮ್ಮನೂ ಕತ್ತು ಹೊರಳಿಸಿ ನೋಡಿದ. ನಾನು ಎಲ್ಲರಿಗೂ ಕಾಣುವ ಹಾಗೆ ಕೈಯೆತ್ತಿ ಅಡ್ಡಡ್ಡ ಆಡಿಸಿದೆ. ಇಲ್ಲ.

"ಇಲ್ವಾ? ನಂಗ್ ಹಾಕಿದ್ರಲ್ಲಾ! ಅವ್ರಿಗ್ಯಾಕ್ ಹಾಕ್ಲಿಲ್ಲ?"

ಹೆಂಡತಿ ಅವನ ತೋಳು ಹಿಡಿದಳು, ಎಳೆಯಲಿಲ್ಲ. ಮೇಡಂ ಅವರ ತಮ್ಮ ಈಗ ವೇದಿಕೆಯ ಕಡೆ ನೋಡುತ್ತಿದ್ದ. ಸಾಹೇಬರು ಮೈಕನ್ನು ಬಾಯಿಯಿಂದ ಸ್ವಲ್ಪ ದೂರ ಹಿಡಿದು, ಅದು ಬೇರೆ ವಿಷಯ, ಪರಿಸ್ಥಿತಿ ಹಾಗಿತ್ತು, ಇಲ್ಲಿ ಅದೆಲ್ಲ ಬೇಡ ಎಂದು ಏನೇನೋ ಬಹಳ ಮೆತ್ತಗೆ ಹೇಳಿದರು.

ಬುಡ್ಡಣ್ಣ ಎದ್ದು ನಿಂತ. ಕಿವಿಗೆ ಅಂಗೈ ಆನಿಸಿಕೊಂಡು ಮುಂದಕ್ಕೆ ಬಗ್ಗಿದ.

"ಕೇಳ್ಸಲಿಲ್ಲ ಸಾ! ಇನ್ನೊಂದ್ ಕಿತ ಜೋರಾಗೇಳಿ!"